ಹುತ್ತಗಳ ನಡುವಣ ದೂರ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಹುತ್ತವನ್ನು ಕಾಣದೆ ಬೆಳೆದ ಮಗು ವಿರಳ. ನಾಗರಪಂಚಮಿಯಂದು ತಾಯಂದಿರು ಹಾಲೆರೆಯುವ ಸ್ಥಳ ಅದು. ದನಕಾಯುವ ಹುಡುಗರು ಅಂಜಿಕೆಯಿಂದ ದೂರ ಬಳಸಿ ಹೋಗುವ ಸ್ಥಳ ಅದು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳುಗಳು ಹೊಗೆಯಂತೆ ಮೇಲೇಳುವ ಸ್ಥಳವೂ ಅದೇ. ಶರಣರ ವಚನಗಳಲ್ಲಿ ಹುತ್ತವು ದೃಷ್ಟಾಂತವಾಗಿ ಬಂದಿದೆ. ಗೆದ್ದಲು ಕಟ್ಟಿದ ಮನೆಯಲ್ಲಿ ಹಾವು ಸೇರಿಕೊಂಡ ಮಾತು ಗಾದೆಯಾಗಿ ಜನರ ನಾಲಿಗೆಯ ಮೇಲೆ ನಿಂತಿದೆ. ಇಷ್ಟೊಂದು ಪರಿಚಿತವಾದ ವಸ್ತುವಿನ ಬಗೆಗೆ ಒಂದು ಸರಳವಾದ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಒಂದು ಹುತ್ತದಿಂದ ಮತ್ತೊಂದು ಹುತ್ತ ಎಷ್ಟು ದೂರದಲ್ಲಿದೆ? ಆ ದೂರಕ್ಕೆ ಏನಾದರೂ ನಿಯಮವಿದೆಯೇ, ಅಥವಾ ಅದು ಕೇವಲ ಆಕಸ್ಮಿಕವೇ?

ಮೇಲ್ನೋಟಕ್ಕೆ ಇದು ಕೆಲಸವಿಲ್ಲದವರ ಪ್ರಶ್ನೆಯೆಂದು ತೋರಬಹುದು. ಆದರೆ ಜೀವಶಾಸ್ತ್ರ, ಗಣಿತಶಾಸ್ತ್ರ ಮತ್ತು ಕೃಷಿ ಈ ಮೂರೂ ಕೂಡುವ ಸ್ಥಾನದಲ್ಲಿ ಈ ಪ್ರಶ್ನೆ ನಿಂತಿದೆ. ಗ್ರಾಮೀಣ ಶಾಲೆಗಳಲ್ಲಿ ಇಂದು ಸಂಖ್ಯಾಶಾಸ್ತ್ರವನ್ನು ಸೂತ್ರಗಳ ಬಾಯಿಪಾಠವಾಗಿ ಕಲಿಸಲಾಗುತ್ತಿದೆ. ಸರಾಸರಿಯನ್ನು ತೆಗೆಯಬಲ್ಲ ವಿದ್ಯಾರ್ಥಿಗೆ, ಆ ಸರಾಸರಿ ಯಾವುದಕ್ಕಾಗಿ ಎಂಬುದು ತಿಳಿದಿರುವುದಿಲ್ಲ. ಶಾಲೆಯ ಬೇಲಿಯಾಚೆಗಿನ ಹೊಲವೇ ಈ ಶಾಸ್ತ್ರದ ಅತ್ಯುತ್ತಮ ಪ್ರಯೋಗಶಾಲೆ ಎಂಬುದನ್ನು ಉಪಾಧ್ಯಾಯರೂ ಆಡಳಿತದವರೂ ಮನಗಾಣುವುದು ಅವಶ್ಯವಾಗಿದೆ.

ಯಾವುದೇ ಕೀಟದ ಗೂಡುಗಳು ನೆಲದ ಮೇಲೆ ಹರಡಿಕೊಂಡಿರುವ ರೀತಿ ಮೂರು ಬಗೆಯದಾಗಿರಬಹುದು. ಈ ಮೂರೂ ಒಕ್ಕಲಿಗನಿಗೆ ಹೊಸತಲ್ಲ. ಕೂರಿಗೆಯಿಂದ ಬಿತ್ತಿದ ಜೋಳದ ಸಾಲುಗಳ ನಡುವೆ ಒಂದೇ ಅಳತೆಯ ಅಂತರವಿರುತ್ತದೆ. ನವಲಗುಂದದ ಜಮಖಾನೆಯಲ್ಲಿ ಚಿತ್ರಗಳು ಲೆಕ್ಕ ತಪ್ಪದೆ ಮರಳಿ ಬರುವಂತೆ ಇದು ಸಮವಾದ ಹರಡಿಕೆ. ಕಣದಲ್ಲಿ ರಾಶಿ ಹಾಕಿದ ಕಾಳು ಒಂದೆಡೆ ಕೂಡಿಕೊಂಡು ಉಳಿದ ನೆಲ ಬರಿದಾಗಿರುತ್ತದೆ. ಇದು ಗುಂಪಾದ ಹರಡಿಕೆ. ಕೈಯಿಂದ ಚೆಲ್ಲಿ ಬಿತ್ತಿದ ಕಾಳು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತದೆ. ಒಂದು ಕಾಳು ಬಿದ್ದ ಸ್ಥಳಕ್ಕೂ ಮತ್ತೊಂದು ಬೀಳುವ ಸ್ಥಳಕ್ಕೂ ಸಂಬಂಧವಿರುವುದಿಲ್ಲ. ಇದು ಆಕಸ್ಮಿಕವಾದ ಹರಡಿಕೆ.

ಈ ಮೂರರಲ್ಲಿ ಜನರು ಹೆಚ್ಚು ತಪ್ಪಾಗಿ ತಿಳಿಯುವುದು ಮೂರನೆಯದನ್ನು. ಆಕಸ್ಮಿಕವೆಂದರೆ ಎಲ್ಲೆಡೆ ಸಮನಾಗಿ ಚದುರಿದ್ದು ಎಂದು ಅನೇಕರು ಭಾವಿಸುತ್ತಾರೆ. ನಿಜಸ್ಥಿತಿ ಹಾಗಿಲ್ಲ. ಚೆಲ್ಲಿದ ಕಾಳು ಒಂದೆಡೆ ಎರಡು ಮೂರು ಒತ್ತಾಗಿ ಬೀಳುತ್ತದೆ, ಮತ್ತೊಂದೆಡೆ ಮೊಳದಷ್ಟು ನೆಲ ಬರಿದಾಗಿ ಉಳಿಯುತ್ತದೆ. ಅದನ್ನು ಕಂಡ ಮನಸ್ಸು ತಕ್ಷಣ ಕಾರಣವನ್ನು ಹುಡುಕತೊಡಗುತ್ತದೆ. ಇಲ್ಲದ ವಿನ್ಯಾಸವನ್ನು ಕಾಣುವುದು ಕಣ್ಣಿನ ಸ್ವಭಾವ. ಕಂಡ ವಿನ್ಯಾಸಕ್ಕೆ ಕಥೆ ಕಟ್ಟುವುದು ಮನಸ್ಸಿನ ಸ್ವಭಾವ.

ಇದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವುಂಟು. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರಲ್ಲಿ, ಜರ್ಮನರ ಹಾರುಬಾಂಬುಗಳು ಲಂಡನ್ ನಗರದ ಮೇಲೆ ಬಿದ್ದವು. ಕೆಲವು ಭಾಗಗಳಲ್ಲಿ ಬಾಂಬುಗಳು ಗುಂಪುಗುಂಪಾಗಿ ಬೀಳುತ್ತಿವೆಯೆಂದು ಜನ ನಂಬಿದರು. ಆರ್. ಡಿ. ಕ್ಲಾರ್ಕ್ ಎಂಬ ವಿಮಾಗಣಿತಜ್ಞರು ದಕ್ಷಿಣ ಲಂಡನ್ನಿನ ೧೪೪ ಚದರ ಕಿಲೋಮೀಟರ್ ಪ್ರದೇಶವನ್ನು ೫೭೬ ಸಮಚೌಕಗಳಾಗಿ ಭಾಗಿಸಿ, ಅಲ್ಲಿ ಬಿದ್ದ ೫೩೭ ಬಾಂಬುಗಳನ್ನು ಚೌಕವಾರಾಗಿ ಎಣಿಸಿದರು. ಒಂದೂ ಬಾಂಬು ಬೀಳದ ಚೌಕಗಳು ೨೨೯ ಇದ್ದವು. ಕೇವಲ ಆಕಸ್ಮಿಕದ ನಿಯಮದಂತೆ ಲೆಕ್ಕ ಹಾಕಿದರೆ ಬರಬೇಕಾದ ಸಂಖ್ಯೆ ೨೨೭. ಒಂದೇ ಬಾಂಬು ಬಿದ್ದ ಚೌಕಗಳು ೨೧೧. ಲೆಕ್ಕದಂತೆ ಬರಬೇಕಾದುದೂ ೨೧೧. ಜನರು ಕಂಡ ಗುಂಪುಗಳು ಆಕಸ್ಮಿಕದಿಂದ ಸಹಜವಾಗಿ ಉಂಟಾಗುವಂಥವೇ ಆಗಿದ್ದವು. ೧೯೪೬ರಲ್ಲಿ ಪ್ರಕಟವಾದ ಈ ಚಿಕ್ಕ ಬರಹ ಇಂದಿಗೂ ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಉಳಿದುಕೊಂಡಿದೆ.

ಬಾಂಬುಗಳಿಗೆ ಅನ್ವಯಿಸಿದ ಈ ವಿವೇಕವು ಹುತ್ತಗಳಿಗೂ ಅನ್ವಯಿಸುತ್ತದೆ. ಅಮೆರಿಕದ ಫಿಲಿಪ್ ಕ್ಲಾರ್ಕ್ ಮತ್ತು ಫ್ರಾನ್ಸಿಸ್ ಇವಾನ್ಸ್ ಎಂಬ ಇಬ್ಬರು ವಿದ್ವಾಂಸರು ೧೯೫೪ರಲ್ಲಿ ಇದಕ್ಕಾಗಿ ಒಂದು ಸುಲಭವಾದ ಅಳತೆಯನ್ನು ಸೂಚಿಸಿದರು. ಪ್ರತಿಯೊಂದು ಗೂಡಿನಿಂದ ಅದಕ್ಕೆ ಅತಿ ಸಮೀಪದ ಗೂಡಿನವರೆಗಿನ ದೂರವನ್ನು ಅಳೆಯಬೇಕು. ಆ ದೂರಗಳ ಸರಾಸರಿಯನ್ನು ತೆಗೆಯಬೇಕು. ಅನಂತರ, ಗೂಡುಗಳು ಕೇವಲ ಆಕಸ್ಮಿಕವಾಗಿ ಹರಡಿದ್ದರೆ ಈ ಸರಾಸರಿ ಎಷ್ಟಿರಬೇಕಾಗಿತ್ತು ಎಂಬುದನ್ನು ಲೆಕ್ಕ ಹಾಕಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಬಂದ ಭಾಗಲಬ್ಧ ಒಂದರ ಸಮೀಪವಿದ್ದರೆ ಹರಡಿಕೆ ಆಕಸ್ಮಿಕ. ಒಂದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಗುಂಪು. ಸಾಕಷ್ಟು ಹೆಚ್ಚಿದ್ದರೆ ಸಮ. ಈ ಭಾಗಲಬ್ಧದ ಪರಮಾವಧಿ ಸುಮಾರು ೨.೧೫. ಜೇನುಹುಟ್ಟಿನ ಕೋಣೆಗಳಂತೆ ಪ್ರತಿಯೊಂದು ಗೂಡಿನ ಸುತ್ತಲೂ ಆರು ಗೂಡುಗಳು ಸಮದೂರದಲ್ಲಿ ನಿಂತಾಗ ಮಾತ್ರ ಅಷ್ಟು ಬರುತ್ತದೆ.

ಆಕಸ್ಮಿಕದ ಸರಾಸರಿಯನ್ನು ಕಾಣುವ ಲೆಕ್ಕವೂ ಎಂಟನೆಯ ಇಯತ್ತೆಯ ಹುಡುಗನಿಗೆ ನಿಲುಕುವಂಥದೇ. ಒಂದು ಹೆಕ್ಟೇರ್, ಅಂದರೆ ೧೦,೦೦೦ ಚದರ ಮೀಟರ್ ನೆಲದಲ್ಲಿ ೨೫ ಹುತ್ತಗಳಿವೆಯೆಂದು ಭಾವಿಸಬಹುದು. ಒಂದೊಂದು ಹುತ್ತದ ಪಾಲಿಗೆ ೪೦೦ ಚದರ ಮೀಟರ್ ನೆಲ ಬರುತ್ತದೆ. ಅದರ ವರ್ಗಮೂಲ ೨೦. ಅದರ ಅರ್ಧ ೧೦. ಎಂದರೆ ಹುತ್ತಗಳು ಆಕಸ್ಮಿಕವಾಗಿ ಹರಡಿದ್ದರೆ ಅತಿ ಸಮೀಪದ ಹುತ್ತದ ದೂರ ಸರಾಸರಿ ೧೦ ಮೀಟರ್ ಇರಬೇಕು. ಅಳೆದಾಗ ಸರಾಸರಿ ೧೫ ಮೀಟರ್ ಬಂದರೆ ಭಾಗಲಬ್ಧ ಒಂದೂವರೆ. ಹುತ್ತಗಳು ಪರಸ್ಪರ ದೂರ ಸರಿದು ನಿಂತಿವೆ. ೬ ಮೀಟರ್ ಬಂದರೆ ೦.೬, ಅವು ಕೂಡಿಕೊಂಡಿವೆ. ೧೧ ಮೀಟರ್ ಬಂದರೆ? ಇಲ್ಲಿಯೇ ಸಂಖ್ಯಾಶಾಸ್ತ್ರದ ನಿಜವಾದ ಪಾಠ ಅಡಗಿದೆ. ಕೇವಲ ೨೫ ಹುತ್ತಗಳನ್ನು ಅಳೆದಾಗ, ಆಕಸ್ಮಿಕವೇ ಆ ಸರಾಸರಿಯನ್ನು ಸುಮಾರು ೮ರಿಂದ ೧೨ ಮೀಟರುಗಳವರೆಗೆ ತೂಗಾಡಿಸಬಲ್ಲದು. ಆದುದರಿಂದ ೧೧ ಮೀಟರ್ ಎಂಬುದು ಏನನ್ನೂ ಸಿದ್ಧಪಡಿಸುವುದಿಲ್ಲ. 'ಇಷ್ಟರಿಂದ ಏನನ್ನೂ ಹೇಳಲಾಗದು' ಎಂದು ಒಪ್ಪಿಕೊಳ್ಳಲು ಕಲಿಸುವ ವಿದ್ಯೆ ಅಪರೂಪವಾದುದು. ಅದು ಸಂಖ್ಯಾಶಾಸ್ತ್ರದಿಂದ ದೊರೆಯುತ್ತದೆ.

ಹರಡಿಕೆ ಯಾವ ಬಗೆಯದೆಂದು ತಿಳಿದ ಮೇಲೆ ಅದಕ್ಕೆ ಕಾರಣವೇನೆಂಬ ಪ್ರಶ್ನೆ ಏಳುತ್ತದೆ. ಹೆಜ್ಜೇನಿನ ಹುಟ್ಟುಗಳು ಗುಂಪಾದ ಹರಡಿಕೆಗೆ ಎಲ್ಲರೂ ಬಲ್ಲ ಉದಾಹರಣೆ. ಒಂದೇ ದೊಡ್ಡ ಮರದಲ್ಲಿ ಹತ್ತಾರು ಹುಟ್ಟುಗಳು ಜೋತಾಡುತ್ತಿದ್ದರೆ, ಸುತ್ತಣ ನೂರಾರು ಮರಗಳಲ್ಲಿ ಒಂದೂ ಇರುವುದಿಲ್ಲ. ಗೆದ್ದಲಿನ ರೀತಿ ಬೇರೆ. ಮಳೆಯ ಸಂಜೆ ಹೊರಟ ರೆಕ್ಕೆಹುಳುಗಳಲ್ಲಿ ಬಹುತೇಕ ಹುಳುಗಳು ಹಕ್ಕಿ, ಓತಿಕ್ಯಾತ, ಇರುವೆಗಳ ಪಾಲಾಗುತ್ತವೆ. ಬದುಕಿದ ಜೋಡಿಗಳು ರೆಕ್ಕೆ ಕಳಚಿ ನೆಲ ಸೇರಿ ಹೊಸ ಸಂಸಾರ ಹೂಡುತ್ತವೆ. ಅವು ಬಿದ್ದ ಸ್ಥಳ ಬಹುಮಟ್ಟಿಗೆ ಆಕಸ್ಮಿಕ. ಆದರೆ ಬೆಳೆದು ನಿಂತ ಹುತ್ತದ ಮೇವಿನ ಎಲ್ಲೆಯೊಳಗೆ ಬಿದ್ದ ಎಳೆಯ ಸಂಸಾರ ಉಳಿಯುವುದು ಕಠಿಣ. ಹೀಗೆ ಎಳೆಯವು ಅಳಿದು ಹಳೆಯವು ಉಳಿಯುತ್ತ, ವರ್ಷಗಳು ಕಳೆದಂತೆ ಆಕಸ್ಮಿಕವಾದ ಹರಡಿಕೆ ಸಮವಾದ ಹರಡಿಕೆಯಾಗಿ ಮಾರ್ಪಡಬಹುದು. ಎಡೆಕುಂಟೆ ಹೊಡೆದು, ಒತ್ತಾದ ಸಸಿಗಳನ್ನು ಕಿತ್ತು ಬೆಳೆಯನ್ನು ತೆಳುಗೊಳಿಸುವ ಕೆಲಸವನ್ನು ಇಲ್ಲಿ ನಿಸರ್ಗವೇ ಮಾಡುತ್ತದೆ.

ಈ ಅಂತರವು ಗೆದ್ದಲಿಗಷ್ಟೇ ಸಂಬಂಧಿಸಿದ ಸಂಗತಿಯೂ ಅಲ್ಲ. ಕರ್ನಾಟಕದ ಹುತ್ತಗಳನ್ನು ಕಟ್ಟುವ ಓಡಾಂಟೊಟರ್ಮಿಸ್ ಕುಲದ ಗೆದ್ದಲುಗಳೇ ಆಫ್ರಿಕದ ಕೀನ್ಯಾ ದೇಶದ ಹುಲ್ಲುಗಾವಲುಗಳಲ್ಲಿಯೂ ನೆಲೆಸಿವೆ. ಅಲ್ಲಿ ಅಭ್ಯಾಸ ಮಾಡಿದ ವಿಜ್ಞಾನಿಗಳು ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ, ಹುತ್ತಗಳ ಸಮೀಪದಲ್ಲಿ ಸಸ್ಯಗಳ ಬೆಳವಣಿಗೆಯೂ ಕೀಟ ಮತ್ತು ಹಲ್ಲಿಗಳ ಸಂಖ್ಯೆಯೂ ಅಧಿಕ. ಆ ಹುತ್ತಗಳು ಸಮನಾದ ಅಂತರದಲ್ಲಿ ನಿಂತಿರುವುದರಿಂದಲೇ ಇಡಿಯ ಪ್ರದೇಶದ ಫಲವತ್ತತೆ ಹೆಚ್ಚಿದೆಯೆಂದು ಅವರು ತೋರಿಸಿದರು. ಗೊಬ್ಬರವನ್ನು ಒಂದೇ ಮೂಲೆಗೆ ಸುರಿಯದೆ ಹೊಲದ ತುಂಬ ಗುಂಪೆಗಳನ್ನಿಟ್ಟು ಹರಡುವ ಒಕ್ಕಲಿಗನಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಹಾಗೆಂದು ಸಮವಾದ ಅಂತರ ಕಂಡಲ್ಲೆಲ್ಲ ಜಗಳವೇ ಅದಕ್ಕೆ ಕಾರಣವೆಂದು ನಿರ್ಣಯಿಸುವುದು ಅವಸರದ ಮಾತಾದೀತು. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಗೆದ್ದಲು ಹೊರಹಾಕಿದ ಮಣ್ಣಿನ ದಿಬ್ಬಗಳು ಸುಮಾರು ೨೦ ಕೋಟಿಯಷ್ಟಿವೆಯೆಂದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಒಂದೊಂದೂ ಸುಮಾರು ಎರಡೂವರೆ ಮೀಟರ್ ಎತ್ತರ, ಒಂಬತ್ತು ಮೀಟರ್ ಅಗಲ. ನಡುವಣ ಅಂತರ ಸುಮಾರು ೨೦ ಮೀಟರ್. ಅವು ಹರಡಿರುವ ೨,೩೦,೦೦೦ ಚದರ ಕಿಲೋಮೀಟರ್ ಪ್ರದೇಶ ಇಡೀ ಕರ್ನಾಟಕ ರಾಜ್ಯಕ್ಕಿಂತ ವಿಸ್ತಾರವಾದುದು. ಕೆಲವು ದಿಬ್ಬಗಳ ವಯಸ್ಸು ೩,೮೦೦ ವರ್ಷಗಳನ್ನು ಮೀರಿದೆ. ಆದರೆ ನೆರೆಯ ದಿಬ್ಬಗಳ ಗೆದ್ದಲುಗಳನ್ನು ಒಂದೆಡೆ ಬಿಟ್ಟು ನೋಡಿದಾಗ ಅವು ಕಾದಾಡಲಿಲ್ಲ. ಅಂತರದ ಮೂಲ ನೆರೆಹೊರೆಯ ವೈರದಲ್ಲಿಲ್ಲ. ನೆಲದೊಳಗಣ ಸುರಂಗಗಳಿಂದ ಮಣ್ಣನ್ನು ಹೊರಸಾಗಿಸುವ ವ್ಯವಸ್ಥೆಯಲ್ಲಿದೆ ಎಂಬುದು ಆ ವಿಜ್ಞಾನಿಗಳ ಅಭಿಪ್ರಾಯ. ಒಂದೇ ವಿನ್ಯಾಸವನ್ನು ಹಲವು ಕಾರಣಗಳು ಉಂಟುಮಾಡಬಲ್ಲವು. ಸಂಖ್ಯೆಯು ಪ್ರಶ್ನೆಯನ್ನು ಸ್ಪಷ್ಟಗೊಳಿಸುತ್ತದೆ. ಉತ್ತರಕ್ಕಾಗಿ ಮತ್ತೆ ನೆಲಕ್ಕೇ ಬಾಗಬೇಕಾಗುತ್ತದೆ.

ನೆಲವನ್ನು ಅರಿಯದ ಸಂಖ್ಯೆ ಎಷ್ಟರಮಟ್ಟಿಗೆ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಧಾರವಾಡ ಜಿಲ್ಲೆಯೇ ಸಾಕ್ಷಿ. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಕೆಂಪು ಮಣ್ಣು, ಕಾಡಿನ ಅಂಚು, ಉಳದೆ ಬಿಟ್ಟ ಮಡ್ಡಿ. ಅಲ್ಲಿ ಹುತ್ತ ನಿಲ್ಲಲು ಅನುಕೂಲವುಂಟು. ನವಲಗುಂದ ಮತ್ತು ಅಣ್ಣಿಗೇರಿಯ ಕಡೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅಂಥ ನೆಲದಲ್ಲಿ ಎತ್ತರದ ಹುತ್ತ ಬಹುಕಾಲ ನಿಲ್ಲುವುದು ಸುಲಭವಲ್ಲ. ಮೇಲಾಗಿ ರಂಟೆ ಮತ್ತು ಟ್ರ್ಯಾಕ್ಟರುಗಳು ಹೊಲದ ಒಡಲನ್ನು ವರ್ಷವರ್ಷವೂ ಮಗುಚುತ್ತವೆ. ಹಾಗಾಗಿ ಉಳುಮೆಯ ಸೀಮೆಯಲ್ಲಿ ಹುತ್ತಕ್ಕೆ ಬದುವೇ ಆಶ್ರಯ.

ಇಂಥ ಸೀಮೆಯಲ್ಲಿ ಸುಮಾರು ೪೦ ಎಕರೆಯ, ಅಂದರೆ ೪೦೦ ಮೀಟರ್ ಉದ್ದ ೪೦೦ ಮೀಟರ್ ಅಗಲದ ಒಂದು ಭೂಮಿಯನ್ನು ಕಲ್ಪಿಸಿಕೊಳ್ಳಬಹುದು. ಅದರ ನಡುವೆ ಈ ತುದಿಯಿಂದ ಆ ತುದಿಯವರೆಗೆ ಒಂದು ಬದು. ಆ ಬದುವಿನ ಮೇಲೆ ೨೫ ಹುತ್ತಗಳು, ಹದಿನಾರು ಹದಿನಾರು ಮೀಟರಿಗೆ ಒಂದರಂತೆ. ಇಡೀ ಭೂಮಿಯನ್ನು ಲೆಕ್ಕಕ್ಕೆ ಹಿಡಿದರೆ ಆಕಸ್ಮಿಕದ ಸರಾಸರಿ ೪೦ ಮೀಟರ್ ಬರುತ್ತದೆ. ಅಳೆದ ಸರಾಸರಿ ೧೬, ಭಾಗಲಬ್ಧ ೦.೪. 'ಗೆದ್ದಲು ಗುಂಪಾಗಿ ಬಾಳುವ ಜೀವಿ' ಎಂದು ಶಾಸ್ತ್ರ ಸಾರುತ್ತದೆ. ಬದುವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ೪೦೦ ಮೀಟರ್ ಉದ್ದದ ಗೆರೆಯ ಮೇಲೆ ಆಕಸ್ಮಿಕದ ಸರಾಸರಿ ೮ ಮೀಟರ್, ಭಾಗಲಬ್ಧ ೨. 'ಗೆದ್ದಲು ಪರಸ್ಪರ ದೂರ ನಿಲ್ಲುವ ಜೀವಿ' ಎಂದು ಅದೇ ಶಾಸ್ತ್ರ ಸಾರುತ್ತದೆ. ಹುತ್ತಗಳು ಅವೇ, ಟೇಪಿನ ಅಳತೆಯೂ ಅದೇ. ತೀರ್ಮಾನ ಮಾತ್ರ ತಲೆಕೆಳಗು. ತಪ್ಪು ಗಣಿತದ್ದಲ್ಲ. ಗೆದ್ದಲು ನೆಲೆಸಲಾಗದ ಉತ್ತ ಹೊಲವನ್ನು ಅದರ ವಾಸಯೋಗ್ಯ ನೆಲವೆಂದು ಎಣಿಸಿದವನದು ತಪ್ಪು. ಮೊದಲನೆಯ ಲೆಕ್ಕದಲ್ಲಿ ಕಂಡ ಗುಂಪು ಕೀಟದ ಇಚ್ಛೆಯಿಂದಾದುದಲ್ಲ, ನೇಗಿಲಿನಿಂದಾದುದು.

ಈ ಉದಾಹರಣೆಯ ಅರ್ಥ ಹುತ್ತಗಳನ್ನೂ ಮೀರಿದುದು. ಎಲ್ಲೆಯನ್ನು ಎಲ್ಲಿ ಎಳೆಯಲಾಯಿತು, ಯಾವುದನ್ನು ಒಳಗೆ ಸೇರಿಸಲಾಯಿತು, ಯಾವುದನ್ನು ಹೊರಗೆ ಬಿಡಲಾಯಿತು ಎಂದು ಕೇಳದೆ ಯಾವ ಸರಾಸರಿಯನ್ನೂ ನಂಬಲಾಗದು. ಈ ಪ್ರಶ್ನೆ ಗ್ರಾಮದ ಬದುಕಿನ ಬಾಗಿಲಿಗೇ ಬಂದು ನಿಂತಿದೆ. ೨೦೧೬ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಹಾನಿಯ ಪರಿಹಾರ ಬಹುಮಟ್ಟಿಗೆ ಬೆಳೆ ಕಟಾವು ಪ್ರಯೋಗಗಳ ಇಳುವರಿಯನ್ನು ಅವಲಂಬಿಸುತ್ತದೆ. ಆಕಸ್ಮಿಕವಾಗಿ ಆರಿಸಿದ ಕೆಲವೇ ಹೊಲಗಳಲ್ಲಿ, ಅಳೆದು ಗುರುತಿಸಿದ ಚಿಕ್ಕ ತುಂಡು ನೆಲದ ಬೆಳೆಯನ್ನು ಕೊಯ್ದು ತೂಗಿ, ಅದರಿಂದ ಇಡೀ ಘಟಕದ ಇಳುವರಿಯನ್ನು ಅಂದಾಜು ಮಾಡಲಾಗುತ್ತದೆ. ಆಕಸ್ಮಿಕದ ಆಯ್ಕೆ ಏಕೆ ನ್ಯಾಯವಾದುದು, ಅದು ಎಲ್ಲಿ ತಪ್ಪಬಹುದು, ಎಷ್ಟು ಹೊಲಗಳನ್ನು ನೋಡಿದರೆ ಸಾಕು ಎಂಬುದನ್ನು ಅರಿಯದ ರೈತನಿಗೆ ಎರಡೇ ದಾರಿಗಳು: ಎಲ್ಲವನ್ನೂ ನಂಬುವುದು, ಅಥವಾ ಎಲ್ಲವನ್ನೂ ಶಂಕಿಸುವುದು. ಎರಡೂ ಅವನ ಹಿತಕ್ಕೆ ಒದಗುವುದಿಲ್ಲ. ಹುತ್ತಗಳನ್ನು ಅಳೆದು ಕಲಿತ ಹುಡುಗ ನಾಳೆ ತನ್ನ ತಂದೆಯ ಹೊಲದ ಬದುವಿನ ಮೇಲೆ ನಿಂತು ಸರಿಯಾದ ಪ್ರಶ್ನೆಯನ್ನು ಕೇಳಬಲ್ಲನು.

ಸಂಖ್ಯಾಶಾಸ್ತ್ರ ಹಳ್ಳಿಗಾಡಿನ ಮಕ್ಕಳಿಗೆ ದೂರದ ವಿದ್ಯೆಯೆಂದು ಹಿಂಜರಿಯುವ ಕಾರಣವಿಲ್ಲ. ಈ ಶಾಸ್ತ್ರದಲ್ಲಿ ಜಗತ್ತೇ ತಲೆಬಾಗುವ ಸಿ. ಆರ್. ರಾವ್ ಅವರು ಹುಟ್ಟಿದ್ದು ೧೯೨೦ರಲ್ಲಿ, ತುಂಗಭದ್ರೆಯ ಆಚೆಯ ಹೂವಿನಹಡಗಲಿಯಲ್ಲಿ. ಪಿ. ಸಿ. ಮಹಲನೋಬಿಸ್ ಅವರು ೧೯೩೧ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅವರು ದಶಕಗಳ ಕಾಲ ದುಡಿದರು. ೨೦೨೩ರಲ್ಲಿ, ತಮ್ಮ ೧೦೨ನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅವರು ಕಾಲವಾದರು.

ಆಚರಣೆಗೆ ತರಬೇಕಾದುದು ಅಲ್ಪವೇ. ಶಾಲೆಗೆ ಒಂದು ಅಳತೆ ಟೇಪು, ಒಂದು ದಿಕ್ಸೂಚಿ, ಒಂದು ಗಟ್ಟಿ ರಟ್ಟಿನ ವಹಿ ಬೇಕು. ಬೇಸಿಗೆಯಲ್ಲಿ, ಮಳೆಗೆ ಮುನ್ನ, ಒಂದೇ ನೆಲವನ್ನು ವರ್ಷಕ್ಕೊಮ್ಮೆ ಅಳೆಯಬೇಕು. ಕಲಘಟಗಿಯ ಮಕ್ಕಳು ಮಡ್ಡಿಯ ಹುತ್ತಗಳನ್ನು ಎಣಿಸಲಿ. ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಮಕ್ಕಳು ಬದುವಿನ ಹುತ್ತಗಳನ್ನೂ, ಬಾಯಿಯ ಸುತ್ತ ಕಾಳಿನ ಹೊಟ್ಟನ್ನು ಚೆಲ್ಲುವ ಇರುವೆಗಳ ಗೂಡುಗಳನ್ನೂ ಎಣಿಸಲಿ. ಎಲ್ಲೆಯ ಅಂಚಿನ ಗೂಡಿಗೆ ಅತಿ ಸಮೀಪದ ನೆರೆ ಎಲ್ಲೆಯ ಹೊರಗಿದ್ದರೆ ಅಲ್ಲಿಯವರೆಗೂ ಟೇಪನ್ನು ಚಾಚಬೇಕು. ಇಲ್ಲವಾದರೆ ಲೆಕ್ಕ ಕೆಡುತ್ತದೆ. ಹುತ್ತ ಜೀವಂತವೋ ಬರಿದೋ ಎಂಬುದನ್ನು ಬರೆಯಬೇಕು. ಚಿಟಿಕೆಯಷ್ಟು ಮಣ್ಣನ್ನು ಸರಿಸಿದರೆ ಜೀವವಿರುವ ಹುತ್ತ ಬೇಗನೆ ಅದನ್ನು ಮೆತ್ತಿಕೊಳ್ಳುತ್ತದೆ. ಹಾವಿನ ಭಯವಿರುವುದರಿಂದ ಉಪಾಧ್ಯಾಯರ ಜೊತೆಯಿಲ್ಲದೆ ಹೋಗಕೂಡದು, ಬಿಲಕ್ಕೆ ಕೈಯಿಕ್ಕಕೂಡದು. ತೊಡಕು ಬಂದಲ್ಲಿ ಕೇಳಲು ಧಾರವಾಡದಲ್ಲಿ ೧೯೮೬ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹುತ್ತ ಪೂಜ್ಯವಾದುದು, ಅದನ್ನು ಅಳೆಯುವುದು ಸಲ್ಲದು ಎಂಬುದು ಒಂದು. ಅಳೆಯುವುದೆಂದರೆ ಒಡೆಯುವುದಲ್ಲ. ಹಾಲೆರೆದ ತಾಯಿಯ ಭಕ್ತಿಗೆ ಮಗನ ಟೇಪಿನಿಂದ ಕುಂದು ಬರುವುದಿಲ್ಲ. ತಾನು ನಮಿಸುವುದನ್ನು ಅರಿಯಲು ಯತ್ನಿಸುವುದೂ ಗೌರವವೇ. ಗೆದ್ದಲು ಬೆಳೆಗೆ ಶತ್ರು, ಅದರ ಮನೆಗಳನ್ನು ಎಣಿಸಿ ಫಲವೇನು ಎಂಬುದು ಇನ್ನೊಂದು. ಕಬ್ಬಿಗೂ ಮನೆಯ ತೊಲೆಗೂ ಗೆದ್ದಲು ಹಾನಿ ಮಾಡುವುದು ದಿಟ. ಆದರೆ ಒಣಗಿದ ಎಲೆ ಕಡ್ಡಿಗಳನ್ನು ಕರಗಿಸುವುದೂ ಕೆಳಗಿನ ಮಣ್ಣನ್ನು ಮೇಲೆ ತರುವುದೂ ಅದರದೇ ಕಾಯಕ. ಶತ್ರುವಾಗಲಿ ಮಿತ್ರನಾಗಲಿ, ಎಷ್ಟು ಮಂದಿ, ಎಲ್ಲಿದ್ದಾರೆ ಎಂಬುದನ್ನು ತಿಳಿಯುವುದು ವಿವೇಕದ ಮೊದಲ ಹೆಜ್ಜೆ.

ಕಾಲವಿಳಂಬಕ್ಕೆ ಮಾತ್ರ ಅವಕಾಶ ಕಡಿಮೆ. ಯಂತ್ರಗಳು ಬಂದು ಹೊಲಗಳನ್ನು ಸಮತಟ್ಟು ಮಾಡಿದಲ್ಲಿ ಬದುಗಳು ತೆಳ್ಳಗಾಗುತ್ತವೆ. ಮಡ್ಡಿಗಳು ಒಡೆದು ಹೊಲಗಳಾದಲ್ಲಿ ಹುತ್ತಗಳು ಅಳಿಯುತ್ತವೆ. ಅಳಿದ ಹುತ್ತ ಎಲ್ಲಿತ್ತೆಂದು ಆಮೇಲೆ ಯಾವ ಸೂತ್ರವೂ ಹೇಳಲಾರದು. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಇಲ್ಲಿ ವಿಶೇಷವಾದ ಅನುಕೂಲವಿದೆ. ಅವು ಒಂದೇ ಊರಿನಲ್ಲಿ ತಲೆಮಾರುಗಳ ಕಾಲ ನಿಲ್ಲುವ ಸಂಸ್ಥೆಗಳು. ತಂದೆ ಓದಿದ ಕೋಣೆಯಲ್ಲಿ ಮಗ ಓದುತ್ತಾನೆ. ತಂದೆ ಬರೆದ ವಹಿಯಲ್ಲಿ ಮಗ ಮುಂದಿನ ಪುಟ ಬರೆಯುವಂತಾದರೆ, ಇಪ್ಪತ್ತು ವರ್ಷಗಳಲ್ಲಿ ಅದು ವಿದ್ವಾಂಸರೂ ಬಂದು ನೋಡಬೇಕಾದ ದಾಖಲೆಯಾಗುತ್ತದೆ. ದಾಸೋಹದ ಅನ್ನವನ್ನುಂಡು ಕಲಿತ ಮಕ್ಕಳು ತಮ್ಮ ನೆಲಕ್ಕೆ ಸಲ್ಲಿಸಬಹುದಾದ ಸೇವೆ ಇದು. ಬರುವ ಬೇಸಿಗೆಯಲ್ಲಿ, ಒಂದು ಶಾಲೆಯಾದರೂ, ಒಂದು ಬದುವನ್ನಾದರೂ ಅಳೆದು ವಹಿಯ ಮೊದಲ ಪುಟವನ್ನು ಬರೆಯಲಿ.